ಪದ ಪರಿಚಯ: ಮಿಡಲ್ 50

ನಮ್ಮ ಸಿಇಟಿಯಲ್ಲಿ ರ‍್ಯಾಂಕ್ ಬಂದ ಮೇಲೆ ಹಿಂದಿನ ವರ್ಷದ ಕಟ್-ಆಫ್ ಹಿಡಿದು ಕೂತರೆ ಯಾವ ಕಾಲೇಜು ಸಿಗಬಹುದೆಂದು ಮನೆಯಲ್ಲೇ ಅಂದಾಜಾಗುತ್ತದೆ. ಇದೇ ರೂಢಿಯಲ್ಲಿ ಅಮೆರಿಕದ ಕಾಲೇಜುಗಳನ್ನು ನೋಡಲು ಹೋದವರು ಎಡವುವುದು ‘ಮಿಡಲ್ 50’ರ ಹತ್ತಿರ. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ, 1600 ಅಂಕಗಳ ಪರೀಕ್ಷೆ ಎಸ್‌ಎಟಿ. ಕಾಲೇಜಿನ ಬ್ರೋಷರಿನಲ್ಲಿ ‘ಎಸ್‌ಎಟಿ 1440–1540’ ಎಂದು ಕಂಡರೆ 1440 ಕಟ್-ಆಫ್ ಎಂದುಕೊಳ್ಳುತ್ತಾರೆ. ಅದು ಕಟ್-ಆಫ್ ಅಲ್ಲ.

ಸ್ಕೋರ್ ಕೊಟ್ಟು ಸೇರಿದ 100 ವಿದ್ಯಾರ್ಥಿಗಳನ್ನು ಅಂಕದ ಏರಿಕೆಯಂತೆ ಸಾಲಾಗಿ ನಿಲ್ಲಿಸಿ. 25ನೆಯವರದು 1440, 75ನೆಯವರದು 1540. ನಡುವಿನ ಈ ಅರ್ಧದಷ್ಟು ಮಂದಿಯ ಅಂಕದ ವ್ಯಾಪ್ತಿಯೇ ಮಿಡಲ್ 50. 1440 ಮುಟ್ಟದೆಯೂ ಹೆಚ್ಚುಕಡಿಮೆ ಕಾಲು ಭಾಗ ಒಳಗೆ ಬಂದಿದೆ. 1560 ತೆಗೆದೂ ಸೀಟು ಸಿಗದವರು ಈ ಸಾಲಿನಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಇದು ಸೇರಿದವರ ಸಾಲು, ಅರ್ಜಿ ಹಾಕಿದವರದಲ್ಲ. ಹೈಸ್ಕೂಲಿನ ಅಂಕ, ತೆಗೆದುಕೊಂಡ ವಿಷಯಗಳ ಕಷ್ಟ, ಪ್ರಬಂಧ, ಶಿಕ್ಷಕರ ಪತ್ರ ಎಲ್ಲವನ್ನೂ ಸ್ಕೋರಿನ ಜೊತೆಗಿಟ್ಟು ಓದುತ್ತಾರೆ.

ಕೋವಿಡ್ ನಂತರ ಈ ಅಂಕಿಗೆ ಇನ್ನೊಂದು ತೊಡಕು ಸೇರಿತು. 2020ರಿಂದ ಬಹಳಷ್ಟು ಕಾಲೇಜುಗಳು ಸ್ಕೋರ್ ಕೊಡುವುದು ಬಿಡುವುದು ನಿಮ್ಮಿಷ್ಟ ಎಂದವು. ಇದೇ ‘ಟೆಸ್ಟ್ ಆಪ್ಷನಲ್’. ಕಡಿಮೆ ಬಂದವರು ಕೊಡದೆ ಸುಮ್ಮನಾದರು, ಹೆಚ್ಚು ಬಂದವರು ಕೊಟ್ಟರು, ಮಿಡಲ್ 50 ತಾನಾಗಿ ಮೇಲೇರಿತು. ಅದನ್ನು ನೋಡಿ ಮರುವರ್ಷ ಇನ್ನಷ್ಟು ಮಂದಿ ಮುಚ್ಚಿಟ್ಟರು. ಅಮೆರಿಕದ ಡಾರ್ಟ್‌ಮತ್ ಕಾಲೇಜು 2024ರ ಫೆಬ್ರವರಿಯಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದ್ದಕ್ಕೆ ಇದೂ ಒಂದು ಕಾರಣ: ಸೌಲಭ್ಯ ಕಡಿಮೆಯಿರುವ ಶಾಲೆಗಳ ಮಕ್ಕಳು ತಮಗೆ ಅನುಕೂಲವಾಗಬಹುದಾಗಿದ್ದ ಸ್ಕೋರನ್ನೂ ಕಳಿಸಿರಲಿಲ್ಲ. ಸ್ಕೋರನ್ನು ಓದುವಾಗ ಅದು ಯಾವ ಶಾಲೆಯಿಂದ ಬಂತೆಂಬುದನ್ನೂ ನೋಡುತ್ತಾರೆ. ಎಂಐಟಿ 2022ರಲ್ಲೇ ಪರೀಕ್ಷೆಗೆ ಮರಳಿತ್ತು.

ಹಾಗಾಗಿ ಬ್ರೋಷರ್ ಬಿಟ್ಟು ಆ ಕಾಲೇಜಿನ ‘ಕಾಮನ್ ಡೇಟಾ ಸೆಟ್’ (ಕಾಲೇಜುಗಳು ಒಂದೇ ನಮೂನೆಯಲ್ಲಿ ಪ್ರಕಟಿಸುವ ಅಂಕಿ-ಅಂಶಗಳ ದಾಖಲೆ) ತೆರೆದು ಸಿ9 ಭಾಗ ನೋಡಿ. ಶೇಕಡಾ ಎಷ್ಟು ಮಂದಿ ಸ್ಕೋರ್ ಕೊಟ್ಟರು ಎಂಬುದು ಅಲ್ಲಿರುತ್ತದೆ. ಶೇ. 35 ಎಂದಿದ್ದರೆ ಮಿಡಲ್ 50 ಆ ಮೂರನೇ ಒಂದು ಭಾಗದವರ ಕಥೆ ಮಾತ್ರ. ಗಣಿತದ 25ನೇ ಪರ್ಸೆಂಟೈಲ್‌ಗೆ (ಸಾಲಿನ 25ನೆಯವರ ಅಂಕಕ್ಕೆ) ಇಂಗ್ಲಿಷಿನದನ್ನು ಕೂಡಿಸಿ ಒಟ್ಟು ತೆಗೆಯಲೂ ಬೇಡಿ. ಎರಡರಲ್ಲೂ ಹಿಂದಿರುವವರು ಒಬ್ಬರೇ ಆಗಿರಬೇಕಿಲ್ಲ.

‘ಸೂಪರ್‌ಸ್ಕೋರ್’ ಕೂಡ ಅಂಕಿಯನ್ನು ಏರಿಸುತ್ತದೆ. ಮೊದಲ ಸಲ ಇಂಗ್ಲಿಷ್ 720, ಗಣಿತ 760. ಎರಡನೇ ಸಲ 750, 730. ಎರಡು ಸಲವೂ ಒಟ್ಟು 1480. ಆದರೆ ಹೆಚ್ಚು ಬಂದದ್ದನ್ನಷ್ಟೇ ಆರಿಸಿ ಕೂಡಿಸುವ ಕಾಲೇಜಿಗೆ ಇದು 1510.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಟ್ಟಿಗೆ ಈ ಲೆಕ್ಕವೇ ಬೇಕಿಲ್ಲ. ಅಲ್ಲಿ 1600 ಬಂದಿದ್ದರೂ ಪ್ರವೇಶದ ತೀರ್ಮಾನಕ್ಕೆ ಅದನ್ನು ನೋಡುವುದಿಲ್ಲ.