ಕ್ರಿಸ್‌ಮಸ್ ಕೇಕ್‌ಗೆ ಅಂಜೂರ, ಖರ್ಜೂರ: ಸಕ್ಕರೆ ಲೆಕ್ಕದ ಟಿಪ್ಪಣಿ

ಬೇಕರಿ ತರಗತಿಯಲ್ಲಿ ಈ ಪಾಠ ಮುಗಿದ ಮೇಲೂ ಬಹಳ ಜನ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: ಸಕ್ಕರೆ ಬದಲು ಒಣಹಣ್ಣು ಹಾಕಿದರೆ ಕೇಕ್ ಆರೋಗ್ಯಕ್ಕೆ ಒಳ್ಳೆಯದಾ? ಒಳ್ಳೆಯದೇ, ಆದರೆ ತೂಕ ಮಾಡಿ ಹಾಕಬೇಕು.

ಹಸಿ ದ್ರಾಕ್ಷಿಯಲ್ಲಿ ನೂರಕ್ಕೆ 80 ಪಾಲು ನೀರೇ ಇರುತ್ತದೆ. ಒಣಗಿದರೆ ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಅದಕ್ಕೇ 100 ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 60 ಗ್ರಾಂ ಸಕ್ಕರೆ. ಒಣ ಅಂಜೂರದಲ್ಲಿ 48ರ ಆಸುಪಾಸು, ಜೊತೆಗೆ ನಾರು ಹೆಚ್ಚುಕಡಿಮೆ 10 ಗ್ರಾಂ. ನಮ್ಮ ಬಳ್ಳಾರಿ ಕಡೆ ಅಂಜೂರ ಬೆಳೆಯುತ್ತಾರೆ ಅಲ್ವಾ, ಅದಕ್ಕೂ ಸೇರಿ ನನಗೆ ಅದೇ ಮೊದಲ ಆಯ್ಕೆ.

ಈಗ ಲೆಕ್ಕ. 150 ಗ್ರಾಂ ಸಕ್ಕರೆ ಬೇಕಾದ ಕೇಕ್‌ಗೆ 75 ಗ್ರಾಂ ಸಕ್ಕರೆ, 75 ಗ್ರಾಂ ಖರ್ಜೂರ ಹಾಕಿ. ಖರ್ಜೂರದಲ್ಲಿರುವ ಸಕ್ಕರೆ ಸುಮಾರು 48 ಗ್ರಾಂ, ಒಟ್ಟು 123 ಆಯಿತು. ಸಿಹಿ ಸಾಕಾಗುತ್ತದೆ, ನಾರೂ ಸಿಗುತ್ತದೆ. ಸಕ್ಕರೆ ಅಷ್ಟೇ ಇಟ್ಟು ಮೇಲೆ ಹಣ್ಣು ಸುರಿದರೆ ಪಾಯಸಕ್ಕೆ ಎರಡು ಸಲ ಬೆಲ್ಲ ಹಾಕಿದ ಹಾಗೆ.

ಹಾಗಾದರೆ ಸಕ್ಕರೆ ಪೂರ್ತಿ ಯಾಕೆ ತೆಗೆಯಬಾರದು? ಕಳೆದ ವರ್ಷ ನಾನು ತೆಗೆದು ನೋಡಿದೆ, ಕೇಕ್ ಏರಲೇ ಇಲ್ಲ, ಬಹಳ ಬೇಜಾರಾಯಿತು. ಬೆಣ್ಣೆಯ ಜೊತೆ ಬೀಟ್ ಮಾಡುವಾಗ ಸಕ್ಕರೆಯ ಹರಳುಗಳು ಅದರೊಳಗೆ ಗಾಳಿ ತುಂಬುತ್ತವೆ, ಕೇಕ್ ಹಗುರಾಗುವುದು ಆ ಗಾಳಿಯಿಂದ, ರುಬ್ಬಿದ ಖರ್ಜೂರಕ್ಕೆ ಆ ಕೆಲಸ ಬರುವುದಿಲ್ಲ. ಅದಕ್ಕೇ ಅರ್ಧ ಸಕ್ಕರೆ ಇರಲಿ.

ಟೂಟಿ ಫ್ರೂಟಿಯನ್ನು ಒಣಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಸಕ್ಕರೆ ಪಾಕದಲ್ಲಿ ಅದ್ದಿಟ್ಟ ಪರಂಗಿಕಾಯಿ. ಬಣ್ಣ ಬೇಕೇ ಬೇಕಂದರೆ ಸ್ವಲ್ಪ ಹಾಕಿ, ಸಕ್ಕರೆ ಅಂತಲೇ ಲೆಕ್ಕ ಹಿಡಿಯಿರಿ. ಹೊಳೆಯುವ ಕಿತ್ತಳೆ ಬಣ್ಣದ ಏಪ್ರಿಕಾಟ್‌ಗೆ ಸಾಮಾನ್ಯವಾಗಿ ಸಲ್ಫರ್ ಡೈಆಕ್ಸೈಡ್ ಕೊಟ್ಟಿರುತ್ತಾರೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಕಂದು ಬಣ್ಣದ್ದೇ ನೋಡಿ ತನ್ನಿ.

ನೆನೆಸುವುದನ್ನು ಮರೆಯಲೇಬೇಡಿ. ನಮ್ಮ ಒಣ ಹವೆಗೆ ಡಬ್ಬದಲ್ಲಿಟ್ಟ ಅಂಜೂರ, ಉತ್ತತ್ತಿ ಎಲ್ಲ ಇನ್ನೂ ಗಟ್ಟಿಯಾಗುತ್ತವೆ. ಹಾಗೇ ಹಾಕಿದರೆ ಹಿಟ್ಟಿನ ನೀರನ್ನೆಲ್ಲ ಹೀರಿಕೊಂಡು ಕೇಕ್ ಪುಡಿಪುಡಿ. ಸಣ್ಣಗೆ ಹೆಚ್ಚಿ ರಾತ್ರಿಯಿಡೀ ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ, ರಮ್ ಬೇಕಿಲ್ಲ. ಬೆಳಗ್ಗೆ ಸೋಸಿ, ಒಂದು ಚಮಚ ಹಿಟ್ಟಿನಲ್ಲಿ ಹೊರಳಿಸಿ. ಹಿಟ್ಟಿನ ಹದ ಗಟ್ಟಿ ಇದ್ದರೆ ಮಾತ್ರ ಹಣ್ಣು ತಳಕ್ಕಿಳಿಯುವುದಿಲ್ಲ, ತೆಳುವಾದರೆ ಎಷ್ಟು ಹೊರಳಿಸಿದರೂ ಅಷ್ಟೇ.

ಖರ್ಜೂರ ಹಾಕಿದ ಕೇಕ್ ಬೇಗ ಕಪ್ಪಾಗುತ್ತದೆ. ಓವನ್ 180 ಡಿಗ್ರಿ ಬದಲು 165ಕ್ಕೆ ಇಟ್ಟು ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ಬೆಂದಿದೆಯಾ ಅಂತ ಕಡ್ಡಿ ಚುಚ್ಚಿದಾಗ ಏನಾದರೂ ಅಂಟಿಕೊಂಡು ಬಂದರೆ ಗಾಬರಿಯಾಗಬೇಡಿ, ಅದು ಖರ್ಜೂರದ ಚೂರೂ ಇರಬಹುದು. ಪಕ್ಕದಲ್ಲಿ ಇನ್ನೊಂದು ಸಲ ಚುಚ್ಚಿ ನೋಡಿ.