ಕೋಲಾರದ ಬಂಡೆಗೂ ಉಬ್ಬರ ಉಂಟು

ನಮ್ಮ ಕೋಲಾರದ ಕಡೆ ಬೋರ್‌ವೆಲ್‌ಗೆ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತುತ್ತಾರೆ. ಅವರಲ್ಲೊಬ್ಬರ ವಾದ ಹೀಗಿತ್ತು: "ಹುಣ್ಣಿಮೆ ದಿನ ಕೊರೆಸಿ ಸ್ವಾಮಿ. ಸಮುದ್ರಾನೇ ಉಕ್ಕುತ್ತೆ, ನೆಲದೊಳಗಿನ ನೀರು ಉಕ್ಕಲ್ವಾ?"

ಚೂರು ನಿಜ ಇದೆ. ಚಂದ್ರನ ಸೆಳೆತ ಬಂಡೆಯನ್ನೂ ಬಿಡುವುದಿಲ್ಲ. ಅಂತರಗಂಗೆ ಬೆಟ್ಟ, ಕೋಲಾರಮ್ಮನ ಕೆರೆ, ಕೆಜಿಎಫ್‌ನ ಸೈನೈಡ್ ದಿಬ್ಬ ಎಲ್ಲವೂ ನೆಲದ ಸಮೇತ ದಿನಕ್ಕೆ ಎರಡು ಸಲ ಸುಮಾರು ಒಂದಡಿ ಏರಿ ಇಳಿಯುತ್ತವೆ. ಸುತ್ತಲಿನದೆಲ್ಲ ಒಟ್ಟಿಗೇ ಏರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಬಂಡೆ ಹಿಗ್ಗಿ ಕುಗ್ಗಿದಾಗ ಕೆಲವು ಆಳದ ಬಾವಿಗಳಲ್ಲಿ ನೀರಿನ ಮಟ್ಟ ಕೆಲವು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗುವುದೂ ಉಂಟು. ಆದರೆ ಅದು ದಿನಾ ನಡೆಯುವ ಕೆಲಸ. ಹುಣ್ಣಿಮೆ, ಅಮಾವಾಸ್ಯೆ ಎರಡಕ್ಕೂ ಸ್ವಲ್ಪ ಜಾಸ್ತಿ. ಸಾವಿರ ಅಡಿ ಕೊರೆಸುವವರಿಗೆ ಈ ನಾಲ್ಕು ಬೆರಳಿನ ನೀರು ಯಾವ ಲೆಕ್ಕ?

ಮೈಯಲ್ಲೂ ನೀರಿದೆ, ಅದಕ್ಕೇ ಹುಣ್ಣಿಮೆಗೆ ತಲೆ ಕೆಡುತ್ತೆ ಅನ್ನುವವರಿಗೆ ಒಂದು ಮಾತು. ಉಬ್ಬರ ಏಳುವುದು ಬರೀ ಸೆಳೆತದಿಂದಲ್ಲ, ಸೆಳೆತದ ವ್ಯತ್ಯಾಸದಿಂದ. ಭೂಮಿಯ ಈ ಬದಿಗೂ ಆ ಬದಿಗೂ 12,700 ಕಿಲೋಮೀಟರ್ ಅಂತರ ಇದೆ. ನಿಮ್ಮ ತಲೆಗೂ ಕಾಲಿಗೂ ಐದೂವರೆ ಅಡಿ.

ಸುಮ್ನೆ ಈ ಮೂಢನಂಬಿಕೆಗಳ ಗಲಾಟೆಯಲ್ಲಿ ಉಬ್ಬರದ ನಿಜವಾದ ಪವಾಡವನ್ನೇ ಮರೆಯುತ್ತೇವೆ. ಅದು ಭೂಮಿಯ ತಿರುಗಾಟಕ್ಕೇ ಬ್ರೇಕ್ ಹಾಕುತ್ತಿದೆ!

ಭೂಮಿ ಒಂದು ಸುತ್ತು ತಿರುಗಲು ಒಂದು ದಿನ ಸಾಕು. ಚಂದ್ರ ನಮ್ಮನ್ನು ಸುತ್ತಿ ಬರಲು 27 ದಿನಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಚಂದ್ರನ ಕೆಳಗೆ ಎದ್ದ ಉಬ್ಬು ಅಲ್ಲೇ ನಿಲ್ಲುವುದಿಲ್ಲ, ಭೂಮಿ ಅದನ್ನು ಚೂರು ಮುಂದಕ್ಕೆ ಒಯ್ಯುತ್ತದೆ. ಒಂದೇ ನೊಗಕ್ಕೆ ಚುರುಕಾದ ಎತ್ತನ್ನೂ ಮಂದ ಎತ್ತನ್ನೂ ಕಟ್ಟಿದರೆ ಏನಾಗುತ್ತದೆ? ಚುರುಕಿನದಕ್ಕೆ ನೊಗ ಹಿಂದಕ್ಕೆ ಜಗ್ಗುತ್ತದೆ, ಮಂದದ್ದಕ್ಕೆ ಮುಂದಕ್ಕೆ. ಇಲ್ಲಿ ಚುರುಕಿನ ಎತ್ತು ಭೂಮಿ, ಮಂದದ್ದು ಚಂದ್ರ, ನೊಗ ಆ ಉಬ್ಬು. ಮುಂದೆ ಹೋದ ಉಬ್ಬನ್ನು ಚಂದ್ರ ಹಿಂದಕ್ಕೆಳೆಯುತ್ತಾನೆ, ಭೂಮಿ ನಿಧಾನವಾಗುತ್ತದೆ. ಉಬ್ಬು ಚಂದ್ರನನ್ನು ಮುಂದಕ್ಕೆಳೆಯುತ್ತದೆ, ಅವನ ಕಕ್ಷೆ ಹಿಗ್ಗುತ್ತದೆ. ಭೂಮಿ ಕಳೆದುಕೊಂಡ ತಿರುಗುಬಲ ಚಂದ್ರನ ಖಾತೆಗೆ ಜಮಾ. ಅಪೊಲೊ ಯಾತ್ರಿಗಳು ಅಲ್ಲಿ ಇಟ್ಟು ಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದಿದ್ದಾರೆ: ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಈ ತಿಕ್ಕಾಟದ ಬಹುಪಾಲು ನಡೆಯುವುದು ಸಮುದ್ರದಲ್ಲಿ, ನಮ್ಮ ಬಂಡೆಯ ಪಾಲು ಕಮ್ಮಿ.

1695ರಲ್ಲೇ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿಗೆ ಹಳೆಯ ಗ್ರಹಣಗಳ ಲೆಕ್ಕ ತಾಳೆಯಾಗದೆ, ಚಂದ್ರನ ಓಟ ಚುರುಕಾಗುತ್ತಿದೆಯೇನೋ ಎಂಬ ಅನುಮಾನ ಬಂದಿತ್ತು. ಉಬ್ಬರ ಭೂಮಿಯನ್ನು ನಿಧಾನ ಮಾಡುತ್ತದೆ ಎಂದು 1754ರಲ್ಲಿ ಬರೆದವನು ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. ನನಗೆ ಬಹಳ ಇಷ್ಟವಾದ ಸಾಕ್ಷಿ ಮಾತ್ರ ಈಗಿನ ಇರಾಕಿನಲ್ಲಿದ್ದ ಹಳೆಯ ನಗರ ಬ್ಯಾಬಿಲೋನಿನದು. ಕ್ರಿ.ಪೂ. 136ರಲ್ಲಿ ಅಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿದ್ದನ್ನು ಜೇಡಿಮಣ್ಣಿನ ಹಲಗೆಯಲ್ಲಿ ಕೊರೆದಿಟ್ಟಿದ್ದಾರೆ. ಭೂಮಿ ಅಂದಿನಿಂದ ಇಂದಿನ ವೇಗದಲ್ಲೇ ತಿರುಗಿದ್ದರೆ ಆ ನೆರಳು ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ, ಸ್ಪೇನಿನ ಹತ್ತಿರ ಬೀಳಬೇಕಿತ್ತು! ದಿನ ಉದ್ದವಾಗುವುದು ನೂರು ವರ್ಷಕ್ಕೆ ಎರಡು ಮಿಲಿಸೆಕೆಂಡಿಗೂ ಕಮ್ಮಿ. ಆದರೆ ಏಳು ಲಕ್ಷಕ್ಕೂ ಹೆಚ್ಚು ದಿನಗಳ ಚಿಲ್ಲರೆ ಕೂಡಿದರೆ ಮೂರು ಗಂಟೆ ದಾಟುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೇ? 1963ರಲ್ಲಿ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಹವಳದ ಪಳೆಯುಳಿಕೆಗಳ ಮೇಲೆ ದಿನಕ್ಕೊಂದರಂತೆ ಬೆಳೆದ ಗೆರೆಗಳನ್ನು ಎಣಿಸಿದರು. 35 ಕೋಟಿ ವರ್ಷಗಳಿಗೂ ಹಿಂದೆ ವರ್ಷಕ್ಕೆ ಸುಮಾರು 400 ದಿನ ಇದ್ದವು. ಅಂದರೆ ದಿನಕ್ಕೆ 22 ಗಂಟೆ.

ಈ ನೊಗ ತಿರುಗುಮುರುಗೂ ಆಗುತ್ತದೆ. ಮಂಗಳ ಗ್ರಹ ಒಂದು ಸುತ್ತು ತಿರುಗಲು 24 ಗಂಟೆಗೆ ಮೇಲೆ ಬೇಕು. ಅದರ ಚಂದ್ರ ಫೋಬೊಸ್ ಎಂಟು ಗಂಟೆಯೊಳಗೇ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಅಲ್ಲಿ ಚಂದ್ರನೇ ಚುರುಕಿನ ಎತ್ತು, ಉಬ್ಬು ಹಿಂದೆ ಬೀಳುತ್ತದೆ. ಹಾಗಾಗಿ ಫೋಬೊಸ್ ನೂರು ವರ್ಷಕ್ಕೆ ಸುಮಾರು ಎರಡು ಮೀಟರ್ ಒಳಕ್ಕೆ ಜಾರುತ್ತಿದೆ. ಹೆಚ್ಚುಕಮ್ಮಿ 5 ಕೋಟಿ ವರ್ಷಗಳಲ್ಲಿ ಅದು ಮಂಗಳಕ್ಕೆ ಬಂದು ಅಪ್ಪಳಿಸುತ್ತದೆ, ಇಲ್ಲವೇ ಒಡೆದು ಪುಡಿಯಾಗಿ ಅದರ ಸುತ್ತ ಬಳೆಯಾಗುತ್ತದೆ.