ಓದುಗರ ಪ್ರಶ್ನೆ: ಇಬ್ರು ಕಿತ್ತಾಡಿ ಕೊನೆಗೆ ಮೂರನೇಯವನಿಗೆ ಟಿಕೆಟ್ಟು, ಅಮೆರಿಕಾದಲ್ಲಿ ನಿಜವಾಗ್ಲೂ ಹಿಂಗಾಗತ್ತಾ?

ಪ್ರಶ್ನೆ: "ಮೊನ್ನೆ 'ದಿ ಬೆಸ್ಟ್ ಮ್ಯಾನ್' ಅಂತ 1964ರ ಕಪ್ಪು ಬಿಳುಪು ಸಿನಿಮಾ ನೋಡ್ದೆ. ಸಖತ್ತಾಗಿದೆ, ಆದ್ರೆ ಕ್ಲೈಮ್ಯಾಕ್ಸ್ ತಲೆಗೆ ಹೋಗ್ಲಿಲ್ಲ. ರಸೆಲ್ ಎದ್ದು ನನ್ನ ವೋಟೆಲ್ಲಾ ಅವನಿಗೆ ಅಂದ್ಬಿಟ್ರೆ ಆಗೋಯ್ತಾ? ವೋಟು ಅವರಪ್ಪನ ಮನೆ ಆಸ್ತಿನಾ? ಸಿನಿಮಾದವರು ಸುಮ್ನೆ ಕಟ್ಟಿದ್ದಾ ಅಥವಾ ಹಿಂಗೆ ನಡೀತಿತ್ತಾ? ಆಮೇಲೆ ಆ ಮರ್ವಿನ್ ಎಲೆಕ್ಷನ್ ಗೆದ್ನಾ ಸೋತ್ನಾ?"

ಒಳ್ಳೇ ಪ್ರಶ್ನೆ, ಈ ಸಿನಿಮಾ ನೋಡಿದವರಲ್ಲಿ ಬಹಳ ಜನ ಇದನ್ನೇ ಕೇಳ್ತಾರೆ. ಇನ್ನೂ ನೋಡದೆ ಇರೋರು ಇಲ್ಲಿಗೇ ನಿಲ್ಸಿ, ಕೊನೆ ಪೂರ್ತಿ ಬಿಚ್ಚಿಡ್ತಾ ಇದೀನಿ, ಆಮೇಲೆ ನನ್ನ ಬೈಬೇಡಿ.

ಕತೆ ಮರೆತವರಿಗೆ ಎರಡು ಮಾತು. ಒಂದು ಪಾರ್ಟಿಯ ಕನ್ವೆನ್ಷನ್ನು, ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗ್ಬೇಕು, ಮುಂದಿರೋರು ಇಬ್ರು. ಒಬ್ಬ ವಿಲಿಯಂ ರಸೆಲ್, ಹೆನ್ರಿ ಫೊಂಡಾ ಮಾಡಿರೋ ಪಾತ್ರ, ಓದಿಕೊಂಡವನು, ಸಜ್ಜನ, ಆದ್ರೆ ಯಾವುದಕ್ಕೂ ಮೀನಾಮೇಷ ಎಣಿಸೋ ಗಿರಾಕಿ. ಇನ್ನೊಬ್ಬ ಜೋ ಕ್ಯಾಂಟ್‌ವೆಲ್, ಕ್ಲಿಫ್ ರಾಬರ್ಟ್‌ಸನ್, ಗೆಲ್ಲೋಕೆ ಏನು ಬೇಕಾದ್ರೂ ಮಾಡ್ತಾನೆ. ಕ್ಯಾಂಟ್‌ವೆಲ್ ಕೈಗೆ ರಸೆಲ್‌ನ ಮಾನಸಿಕ ಚಿಕಿತ್ಸೆಯ ಫೈಲ್ ಸಿಕ್ಕಿರತ್ತೆ, ರಸೆಲ್ ಕಡೆಯವರಿಗೆ ಕ್ಯಾಂಟ್‌ವೆಲ್ ಸೈನ್ಯದಲ್ಲಿದ್ದಾಗ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧ ಇತ್ತು ಅಂತ ಹೇಳೋನೊಬ್ಬ ಸಿಕ್ಕಿರ್ತಾನೆ. ನೀನು ಅದನ್ನ ಬಿಟ್ರೆ ನಾನು ಇದನ್ನ ಬಿಡ್ತೀನಿ ಅನ್ನೋ ಆಟ. ಕೊನೆಗೆ ರಸೆಲ್ ಆ ಕೆಸರು ಎರಚದೇನೆ ಕಣದಿಂದ ಹಿಂದೆ ಸರಿದು ತನ್ನ ಡೆಲಿಗೇಟ್‌ಗಳನ್ನ (ಕನ್ವೆನ್ಷನ್‌ನಲ್ಲಿ ವೋಟು ಹಾಕೋ ಪ್ರತಿನಿಧಿಗಳು) ಜಾನ್ ಮರ್ವಿನ್ ಅನ್ನೋ ಗವರ್ನರ್ ಕಡೆ ತಿರುಗಿಸ್ತಾನೆ, ಅಲ್ಲಿವರೆಗೂ ಆ ಮನುಷ್ಯನ ಬಗ್ಗೆ ನಮಗೆ ಹೆಚ್ಚೇನೂ ಗೊತ್ತೇ ಇರಲ್ಲ. ಇಬ್ಬರ ಜಗಳ ಮೂರನೇಯವನಿಗೆ ಲಾಭ ಅಂತ ನಮ್ಮ ಅಜ್ಜಿ ಹೇಳ್ತಿದ್ದ ಗಾದೆನೇ.

ಈಗ ನಿಮ್ಮ ಮೊದಲ್ನೇ ಪ್ರಶ್ನೆ. ವೋಟು ರಸೆಲ್‌ನ ಆಸ್ತಿ ಅಲ್ಲ. ಅವನು ವೋಟನ್ನ ಕೊಡಲ್ಲ, ಡೆಲಿಗೇಟ್‌ಗಳನ್ನ ಬಿಡುಗಡೆ ಮಾಡ್ತಾನೆ. ಅಂದ್ರೆ ನನಗೆ ಹಾಕ್ತೀವಿ ಅಂತ ಕೊಟ್ಟ ಮಾತಿಂದ ನೀವು ಮುಕ್ತ, ನನ್ನ ಕೇಳಿದ್ರೆ ಇವನಿಗೆ ಹಾಕಿ, ಅಷ್ಟೇ. ಅವರು ಹಾಕದೇನೂ ಇರಬಹುದಿತ್ತು. ಆದ್ರೆ ಆ ಕಾಲದಲ್ಲಿ ಹಾಕ್ತಿದ್ರು, ಯಾಕಂದ್ರೆ ಬಹುಪಾಲು ಡೆಲಿಗೇಟ್‌ಗಳು ಜನರಿಂದ ಆರಿಸಿ ಬಂದವರಲ್ಲ, ಆಯಾ ರಾಜ್ಯದ ಪಾರ್ಟಿ ಮುಖಂಡರು, ಗವರ್ನರ್‌ಗಳು, ದೊಡ್ಡ ಊರಿನ ಪಾರ್ಟಿ ಧಣಿಗಳು ಇವರು ಕಳಿಸಿದವರು, ಧಣಿ ಕಣ್ಣು ಹೊಡೆದ ಕಡೆಗೆ ಇಡೀ ಗುಂಪು ವಾಲ್ತಿತ್ತು. ಪಾರ್ಟಿ ಅಭ್ಯರ್ಥಿ ಯಾರಾಗ್ಬೇಕು ಅಂತ ಜನರೇ ವೋಟು ಹಾಕೋ ಪ್ರೈಮರಿ ಇತ್ತು, ಆದ್ರೆ ಕೆಲವೇ ರಾಜ್ಯಗಳಲ್ಲಿ. 1952ರಲ್ಲಿ ಡೆಮಾಕ್ರಟಿಕ್ ಪಾರ್ಟಿಯ ಎಸ್ಟೆಸ್ ಕೆಫಾವರ್ ಅನ್ನೋ ಸೆನೆಟರ್ ಹೆಚ್ಚುಕಮ್ಮಿ ಎಲ್ಲಾ ಪ್ರೈಮರಿ ಗೆದ್ಕೊಂಡು ಶಿಕಾಗೋಗೆ ಬಂದ, ಟಿಕೆಟ್ ಸಿಕ್ಕಿದ್ದು ನಿಲ್ಲೋದೇ ಇಲ್ಲ ಅಂತಿದ್ದ ಅಡ್ಲಾಯ್ ಸ್ಟೀವನ್ಸನ್‌ಗೆ, ಮೂರನೇ ಸುತ್ತಲ್ಲಿ (ಯಾರಿಗೂ ಸಾಕಷ್ಟು ವೋಟು ಬರದಿದ್ರೆ ಮತ್ತೆ ವೋಟಿಂಗ್, ಅದೇ ಸುತ್ತು). ಎರಡೂ ದೊಡ್ಡ ಪಾರ್ಟಿಗಳನ್ನ ಸೇರಿಸಿ ನೋಡಿದ್ರೂ ಅಧ್ಯಕ್ಷ ಟಿಕೆಟ್‌ಗೆ ಒಂದಕ್ಕಿಂತ ಹೆಚ್ಚು ಸುತ್ತು ವೋಟಿಂಗ್ ಆಗಿದ್ದು ಅದೇ ಕೊನೆ. ಸಿನಿಮಾದ ರಸೆಲ್‌ನಲ್ಲಿ ಈ ಸ್ಟೀವನ್ಸನ್ ಛಾಯೆ ಇದೆ ಅಂತ ಎಲ್ಲರೂ ಹೇಳ್ತಾರೆ, ಆ ಹಳ್ಳಿ ಶೈಲಿಯ ಮಾಜಿ ಅಧ್ಯಕ್ಷ ಹಾಕ್‌ಸ್ಟೇಡರ್ ಇದಾನಲ್ಲ, ಅವನು ನಿಜವಾದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅಚ್ಚು. (ಆ ಪಾತ್ರ ಮಾಡಿದ ಲೀ ಟ್ರೇಸಿಗೆ ಆಸ್ಕರ್ ನಾಮಿನೇಷನ್ ಬಂದಿತ್ತು, ನನ್ನ ಪ್ರಕಾರ ಇಡೀ ಸಿನಿಮಾನ ಕದ್ದುಕೊಂಡು ಹೋಗಿರೋನು ಅವನೇ.)

ಬರೆದ ಗೋರ್ ವಿಡಾಲ್‌ಗೆ ಇದೆಲ್ಲಾ ಮನೆ ಮಾತು. ಅವರ ತಾತ ಥಾಮಸ್ ಗೋರ್ ಒಕ್ಲಹೋಮದ ಸೆನೆಟರ್, ಕಣ್ಣು ಕಾಣ್ತಿರ್ಲಿಲ್ಲ, ಮೊಮ್ಮಗ ಚಿಕ್ಕ ಹುಡುಗ ಆಗಿದ್ದಾಗ ಅವರಿಗೆ ಪುಸ್ತಕ ಪತ್ರಿಕೆ ಓದಿ ಹೇಳ್ತಿದ್ದ. ಇದು ಮೊದಲು ನಾಟಕ ಆಗಿ 1960ರಲ್ಲಿ ಬ್ರಾಡ್‌ವೇಗೆ ಬಂತು, ಅದೇ ವರ್ಷ ವಿಡಾಲ್ ತಾವೇ ನ್ಯೂಯಾರ್ಕ್ ರಾಜ್ಯದಿಂದ ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತು) ನಿಂತು ಸೋತ್ರು.

ಸರಿ, ಮೂರನೇಯವನು ಗೆಲ್ಲೋದು ಎಷ್ಟು ನಿಜ? ಸಿನಿಮಾಗಿಂತ ನಿಜವೇ ಮಜವಾಗಿದೆ. 1880, ಶಿಕಾಗೋ, ರಿಪಬ್ಲಿಕನ್ ಕನ್ವೆನ್ಷನ್. ಮಾಜಿ ಅಧ್ಯಕ್ಷ ಗ್ರಾಂಟ್ ಮೂರನೇ ಸಲ ಬೇಕು ಅಂತ ಬಂದಿದಾರೆ, ಎದುರಿಗೆ ಜೇಮ್ಸ್ ಬ್ಲೇನ್, ಜೊತೆಗೆ ಜಾನ್ ಶೆರ್ಮನ್. ಶೆರ್ಮನ್ ಪರ ಭಾಷಣ ಮಾಡೋಕೆ, ಅವರ ಕಡೆ ಲೆಕ್ಕ ನೋಡ್ಕೊಳ್ಳೋಕೆ ಅಂತ ಬಂದಿದ್ದವರು ಜೇಮ್ಸ್ ಗಾರ್‌ಫೀಲ್ಡ್. ಸುತ್ತಿನ ಮೇಲೆ ಸುತ್ತು ವೋಟಿಂಗು, ಗ್ರಾಂಟ್ ಕಡೆಯವರು ಮುನ್ನೂರು ಚಿಲ್ಲರೆ ಜನ ಅಲ್ಲಾಡಲ್ಲ, ಬ್ಲೇನ್ ಕಡೆಯವರೂ ಅಲ್ಲಾಡಲ್ಲ. 34ನೇ ಸುತ್ತಲ್ಲಿ ವಿಸ್ಕಾನ್ಸಿನ್‌ನವರು ಇದ್ದಕ್ಕಿದ್ದಂಗೆ 16 ವೋಟು ಗಾರ್‌ಫೀಲ್ಡ್‌ಗೆ ಹಾಕ್ಬಿಟ್ರು. ಇವರು ಗಾಬರಿಯಾಗಿ ಎದ್ದು ನಿಂತು, ಸ್ವಾಮಿ ನನ್ನ ಒಪ್ಪಿಗೆ ಇಲ್ದೆ ನನ್ನ ಹೆಸರಿಗೆ ವೋಟು ಹಾಕೋ ಹಂಗಿಲ್ಲ ಅಂತ ಕ್ರಿಯಾಲೋಪ ಎತ್ತಿದ್ರೆ ಸಭಾಧ್ಯಕ್ಷರು ಅವರ ಮಾತು ತಳ್ಳಿಹಾಕಿ ಕೂರಿಸಿದ್ರು. 36ನೇ ಸುತ್ತಿಗೆ 399 ವೋಟು, ಟಿಕೆಟ್ ಅವರದ್ದೇ. ಮದುವೆಗೆ ಊಟಕ್ಕೆ ಹೋದವನನ್ನ ಹಸೆಮಣೆ ಮೇಲೆ ಕೂರಿಸಿದ ಹಾಗೆ. ಪಾಪ ಅಧ್ಯಕ್ಷರಾಗಿ ನಾಲ್ಕು ತಿಂಗಳಿಗೆ, 1881ರ ಜುಲೈನಲ್ಲಿ, ಗುಂಡೇಟು ಬಿತ್ತು, ಸೆಪ್ಟೆಂಬರ್‌ನಲ್ಲಿ ತೀರಿಕೊಂಡ್ರು.

ಇಂಥವರನ್ನ ಕಪ್ಪು ಕುದುರೆ ಅಂತಾರೆ. ಮೊದಲ್ನೇ ಕಪ್ಪು ಕುದುರೆ ಅಂತ ಹೆಸರಾಗಿರೋದು 1844ರ ಜೇಮ್ಸ್ ಪೋಕ್, ಆಗ ಡೆಮಾಕ್ರಟಿಕ್ ಪಾರ್ಟಿಯಲ್ಲಿ ಒಂದು ವಿಚಿತ್ರ ನಿಯಮ ಇತ್ತು, ಅರ್ಧಕ್ಕಿಂತ ಹೆಚ್ಚು ಸಾಲ್ದು ಮೂರರಲ್ಲಿ ಎರಡು ಪಾಲು ವೋಟು ಬೇಕು ಅಂತ. ಮಾಜಿ ಅಧ್ಯಕ್ಷ ವಾನ್ ಬ್ಯೂರೆನ್‌ಗೆ ಮೊದಲ ಸುತ್ತಲ್ಲೇ ಬಹುಮತ ಇತ್ತು, ಆದ್ರೂ ಟಿಕೆಟ್ ಸಿಗಲಿಲ್ಲ, 9ನೇ ಸುತ್ತಲ್ಲಿ ಪೋಕ್ ಬಂದ್ರು. ಆ ನಿಯಮ 1936ರವರೆಗೂ ಇತ್ತು, ಅದರ ಕೃಪೆಯಿಂದಲೇ 1924ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆ ಮಹಾ ರಾದ್ಧಾಂತ ಆಗಿದ್ದು. ಒಂದು ಕಡೆ ವಿಲಿಯಂ ಮ್ಯಾಕಡೂ, ಇನ್ನೊಂದು ಕಡೆ ನ್ಯೂಯಾರ್ಕ್ ಗವರ್ನರ್ ಆಲ್ ಸ್ಮಿತ್, ಕ್ಯಾಥಲಿಕ್. ಕರಿಯರು, ಕ್ಯಾಥಲಿಕ್ಕರು ಅಂದ್ರೆ ಆಗದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಅನ್ನ ಹೆಸರೆತ್ತಿ ಖಂಡಿಸಬೇಕಾ ಬೇಡ್ವಾ ಅಂತಲೇ ಪಾರ್ಟಿ ಎರಡು ಹೋಳಾಗಿತ್ತು. ಜೂನ್ ಕೊನೆಗೆ ಶುರುವಾಗಿದ್ದು ಜುಲೈ 9ಕ್ಕೆ ಮುಗೀತು, 103 ಸುತ್ತು! ಪ್ರತಿ ಸುತ್ತಿಗೂ ಅಲಬಾಮದ ಗವರ್ನರ್ ಎದ್ದು 24 ವೋಟು ಆಸ್ಕರ್ ಅಂಡರ್‌ವುಡ್‌ಗೆ ಅಂತ ಕೂಗೋದು, ಅದನ್ನ ರೇಡಿಯೋದಲ್ಲಿ ಕೇಳಿ ಕೇಳಿ ಜನಕ್ಕೆ ಬಾಯಿಪಾಠ ಆಗಿ ದೇಶ ಎಲ್ಲಾ ಜೋಕು. ಕೊನೆಗೆ ಇಬ್ಬರೂ ಸುಸ್ತಾಗಿ ಜಾನ್ ಡೇವಿಸ್ ಅನ್ನೋ ವಕೀಲರಿಗೆ ಟಿಕೆಟ್ ಹೋಯ್ತು.

ನಮ್ಮವರಿಗೆ ಇದು ಅಷ್ಟೇನೂ ಹೊಸದಲ್ಲ ಬಿಡಿ. 1996ರಲ್ಲಿ ವಿ.ಪಿ. ಸಿಂಗ್ ಒಲ್ಲೆ ಅಂದ್ರು, ಜ್ಯೋತಿ ಬಸು ಅವರಿಗೆ ಅವರ ಪಾರ್ಟಿನೇ ಬೇಡ ಅಂತು, ಜೂನ್ 1ಕ್ಕೆ ದೇವೇಗೌಡ್ರು ಪ್ರಧಾನಿ. ಅಲ್ಲಿ ಡೆಲಿಗೇಟ್ ಲೆಕ್ಕ, ಇಲ್ಲಿ ಎಂಪಿಗಳ ಲೆಕ್ಕ, ವ್ಯವಸ್ಥೆ ಬೇರೆ ಬೇರೆನೇ, ಆದ್ರೆ ಆ ದೃಶ್ಯ ನೋಡ್ತಿದ್ದಾಗ ನನಗೆ ನೆನಪಾಗಿದ್ದು ಇದೇ.

ಈಗ್ಲೂ ಹಂಗಾಗತ್ತಾ ಅಂದ್ರೆ, ಹೆಚ್ಚುಕಮ್ಮಿ ಇಲ್ಲ. ಎಲ್ಲಾ ಬದಲಾಗಿದ್ದು 1968ರಿಂದ. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ನಿಲ್ದೆ ಡೆಮಾಕ್ರಟಿಕ್ ಟಿಕೆಟ್ ತಗೊಂಡ್ರು, ಶಿಕಾಗೋ ಬೀದಿಯಲ್ಲಿ ವಿಯೆಟ್ನಾಂ ಯುದ್ಧ ವಿರೋಧಿ ಹುಡುಗರ ಮೇಲೆ ಪೊಲೀಸರ ಲಾಠಿ, ಒಳಗೆ ಕೂಗಾಟ, ಆಮೇಲೆ ಪಾರ್ಟಿ ಒಂದು ಆಯೋಗ ಮಾಡಿ ನಿಯಮಗಳನ್ನೇ ಬದಲಾಯಿಸ್ತು. 1972ರಿಂದ ಪ್ರೈಮರಿಗಳದ್ದೇ ಕಾರುಬಾರು. ಈಗ ಡೆಲಿಗೇಟ್ ಅಂದ್ರೆ ಪ್ರೈಮರಿ ಫಲಿತಾಂಶದ ಲೆಕ್ಕದಲ್ಲಿ ಬರೋನು, ಅಭ್ಯರ್ಥಿ ಕಡೆಯವರೇ ಸೋಸಿ ಆರಿಸಿದ ನಿಷ್ಠಾವಂತ. ಮರ್ವಿನ್ ಥರದವನಿಗೆ ಮೊದಲ ಸುತ್ತಲ್ಲಿ ಇಟ್ಕೊಳ್ಳೋಕೆ ನಾಲ್ಕು ಡೆಲಿಗೇಟೂ ಸಿಗಲ್ಲ. ಕೊನೇ ತನಕ ಉಸಿರು ಹಿಡಿಸಿದ ಕನ್ವೆನ್ಷನ್ ಅಂದ್ರೆ 1976ರ ರಿಪಬ್ಲಿಕನ್ನರದ್ದು, ಫೋರ್ಡ್ 1,187, ರೇಗನ್ 1,070, ಅದೂ ಮೊದಲ ಸುತ್ತಲ್ಲೇ ಮುಗೀತು.

ಆದ್ರೆ ರಸೆಲ್ ಮಾಡಿದ್ದರ ಹತ್ತಿರದ ಸಂಗತಿ ಒಂದು ನಮ್ಮ ಕಣ್ಣೆದುರೇ ನಡೀತು. 2024ರ ಜುಲೈ 21ಕ್ಕೆ ಬೈಡನ್ ಹಿಂದೆ ಸರಿದ್ರಲ್ಲ, ಅವರ ಹತ್ರ ಸುಮಾರು 3,900 ಡೆಲಿಗೇಟ್‌ಗಳಿದ್ರು. ಕಮಲಾ ಹ್ಯಾರಿಸ್‌ಗೆ ಬೆಂಬಲ ಅಂತ ಹೇಳಿದ್ರು, ಕಾನೂನು ಪ್ರಕಾರ ಆ ಮಾತಿಗೆ ಬೆಲೆ ಏನೂ ಇಲ್ಲ, ಅವರು ಡೆಲಿಗೇಟ್‌ಗಳನ್ನ ಬರೆದುಕೊಡೋ ಹಂಗಿಲ್ಲ. ಆದ್ರೂ ಎರಡೇ ದಿನದಲ್ಲಿ ಸಾಕಾಗುವಷ್ಟು ಜನ ಹ್ಯಾರಿಸ್ ಕಡೆ ಬಂದ್ರು. ಬಿಡುಗಡೆ ಮಾಡೋದು, ಸಲಹೆ ಕೊಡೋದು, ಅವರು ಕೇಳೋದು, ಅದೇ ಮೂರು ಹೆಜ್ಜೆ. ಒಂದೇ ವ್ಯತ್ಯಾಸ, ಹ್ಯಾರಿಸ್ ಅನಾಮಿಕರಲ್ಲ, ಆಗಿನ ಉಪಾಧ್ಯಕ್ಷೆ.

ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಆ ಮಾನಸಿಕ ಚಿಕಿತ್ಸೆ ಫೈಲಿನ ಭಾಗ ಇವತ್ತು ನೋಡೋರಿಗೆ ಅತಿ ಆಯ್ತು ಅನ್ಸಬಹುದು. ಸಿನಿಮಾ ಬಂದ 1964ರಲ್ಲೇ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಒಂದು ಮ್ಯಾಗಜೀನು ಸಾವಿರಾರು ಮನೋವೈದ್ಯರಿಗೆ ಪತ್ರ ಬರೆದು, ಈ ಮನುಷ್ಯ ಅಧ್ಯಕ್ಷ ಆಗೋಕೆ ಲಾಯಕ್ಕಿಲ್ಲ ಅಂತ ಸಾವಿರಕ್ಕೂ ಹೆಚ್ಚು ಜನ ಹೇಳಿದಾರೆ ಅಂತ ಛಾಪಿಸ್ತು, ಯಾರೂ ಅವರನ್ನ ಪರೀಕ್ಷೆ ಮಾಡಿದವರಲ್ಲ. ಅವರು ಕೇಸ್ ಹಾಕಿ ಗೆದ್ರು. ನೋಡದೇ ಇರೋ ವ್ಯಕ್ತಿಗೆ ರೋಗ ಹೇಳಬಾರ್ದು ಅಂತ ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ನಿಯಮ ಮಾಡ್ತು, ಅದಕ್ಕೆ ಗೋಲ್ಡ್‌ವಾಟರ್ ನಿಯಮ ಅಂತಲೇ ಹೆಸರು. ಇನ್ನು 1972ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಥಾಮಸ್ ಈಗಲ್ಟನ್, ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಶಾಕ್ ಚಿಕಿತ್ಸೆ ತಗೊಂಡಿದ್ದ ವಿಷಯ ಹೊರಗೆ ಬಂದು, ಟಿಕೆಟ್ ಸಿಕ್ಕಿ ಮೂರು ವಾರ ತುಂಬೋ ಮುಂಚೆ ಅದನ್ನ ಬಿಟ್ಟು ಕೆಳಗಿಳಿಬೇಕಾಯ್ತು. ನಾಟಕ ಬರೆದು ಹನ್ನೆರಡು ವರ್ಷಕ್ಕೆ.

ಕೊನೇದು, ಮರ್ವಿನ್ ಗೆದ್ನಾ. ಸಿನಿಮಾ ಕನ್ವೆನ್ಷನ್‌ಗೇ ನಿಂತುಬಿಡತ್ತೆ, ನವೆಂಬರ್ ತೋರಿಸಲ್ಲ. ನಿಜ ಜೀವನದ ಮರ್ವಿನ್‌ಗಳ ಲೆಕ್ಕ ಬೇಕಾದ್ರೆ: ಪೋಕ್ ಗೆದ್ರು, 1852ರಲ್ಲಿ 49ನೇ ಸುತ್ತಿಗೆ ಟಿಕೆಟ್ ಸಿಕ್ಕ ಫ್ರಾಂಕ್ಲಿನ್ ಪಿಯರ್ಸ್ ಗೆದ್ರು, ಗಾರ್‌ಫೀಲ್ಡ್ ಗೆದ್ರು, 1920ರಲ್ಲಿ 10ನೇ ಸುತ್ತಿಗೆ ಬಂದ ಹಾರ್ಡಿಂಗ್ ಭರ್ಜರಿಯಾಗಿ ಗೆದ್ರು. 103 ಸುತ್ತು ಕಾದು ಬಂದ ಡೇವಿಸ್‌ಗೆ ಮಾತ್ರ ನೂರಕ್ಕೆ ಮೂವತ್ತು ವೋಟೂ ಬೀಳಲಿಲ್ಲ.